ಕಾಳಪ್ಪನ ಗುರಿ

ಇಂಡಿಯಿಂದ ಲಚ್ಯಾಣದ ಕಡೆ ಹೋಗುವ ಟೆಂಪೋ ಹತ್ತಿ, ನಿಂಬೆ ತೋಟಗಳು ಮುಗಿಯುವ ಮೊದಲೇ ಇಳಿದರೆ ಒಂದು ಊರು ಸಿಗುತ್ತದೆ. ಆ ಊರಿನಲ್ಲಿ ಯಾವ ಕೆಲಸ ಸೊಟ್ಟಗಾದರೂ ಜನ ಹೇಳುತ್ತಿದ್ದದ್ದು ಒಂದೇ ಮಾತು: ಕಾಳಪ್ಪನ ಗುರಿ ಆಯಿತು. ಕೂರಿಗೆಯ ಸಾಲು ಬಾಗಿದರೆ ಕಾಳಪ್ಪನ ಗುರಿ. ಕಟ್ಟಿದ ಗೋಡೆ ಹೊಟ್ಟೆ ಬಿಟ್ಟರೆ ಕಾಳಪ್ಪನ ಗುರಿ. ಅಕ್ಕನನ್ನು ನೋಡಲು ಬಂದ ಗಂಡು ತಂಗಿಯನ್ನು ಒಪ್ಪಿ ಹೋದರೆ ಅದೂ ಕಾಳಪ್ಪನ ಗುರಿಯೇ. ಈ ಕಾಳಪ್ಪ ಯಾರಪ್ಪ ಎಂದು ಕೇಳಿದರೆ ಮುಕ್ಕಾಲು ಊರಿಗೆ ಗೊತ್ತಿರಲಿಲ್ಲ. ಬೈಯಲಿಕ್ಕೆ ಮನುಷ್ಯ ಗೊತ್ತಿರಬೇಕು ಅಂತೇನಿಲ್ಲವಲ್ಲ.

ಗೊತ್ತಿದ್ದವನು ಕಂಬಾರ ಮಾನಪ್ಪ. ಕಾಳಪ್ಪ ಅವನ ಅಪ್ಪ.

ಮಾನಪ್ಪನಿಗೆ ಈಗ ಎಪ್ಪತ್ತೆಂಟು. ಔಷಧ ಹೊಡೆಯುವ ಪಂಪು, ಬೀಗ, ಕುಡಗೋಲು ಏನು ತಂದರೂ ರಿಪೇರಿ ಮಾಡುತ್ತಾನೆ. ಅಪ್ಪನ ಕಾಲದಿಂದ ಬಂದ ಬಂದೂಕು ರಿಪೇರಿಯ ಪರವಾನಿಗೆಯನ್ನೂ ಬಿಡದೆ ನವೀಕರಿಸಿಕೊಂಡು ಬಂದಿದ್ದಾನೆ, ಬರುವ ಬಂದೂಕು ವರ್ಷಕ್ಕೆ ಎರಡಾದರೂ. ಕೆಲಸ ಮುಗಿದ ಮೇಲೆ ಒಂದು ದಾರ ಎಳೆದು ಹಿಡಿದು, ಮಾಡಿದ್ದು ನೆಟ್ಟಗಿದೆ ಅಂತ ಗಿರಾಕಿಗೆ ತೋರಿಸಿಯೇ ಕೊಡುವುದು ಅವನ ಪದ್ಧತಿ. ಬೀಗಕ್ಕೆ ಯಾಕೆ ದಾರ ಅಂತ ಹುಡುಗರು ನಗುತ್ತಾರೆ. ಅದು ಅಪ್ಪ ಕಲಿಸಿದ್ದು. ಅಪ್ಪ ಕಲಿತದ್ದು ಗೌಡರ ಪಿಸ್ತೂಲಿನಿಂದ.

ಆ ಪಿಸ್ತೂಲು ವಿಲಾಯಿತಿಯದು. ಊರು ಬಿಟ್ಟು ಹೊರಟಿದ್ದ ಒಬ್ಬ ಬಿಳಿಯ ಸಾಹೇಬನಿಂದ ಸೊಲ್ಲಾಪುರದಲ್ಲಿ ಕೊಂಡದ್ದಂತೆ. ಗೌಡರ ಮನೆಯಲ್ಲಿ ಅದರಿಂದ ಗುರಿ ಇಟ್ಟವರು ಯಾರೂ ಇರಲಿಲ್ಲ. ಮದುವೆಗೊಮ್ಮೆ, ಗಂಡು ಹುಟ್ಟಿದಾಗೊಮ್ಮೆ ಆಕಾಶಕ್ಕೆ ಹಾರಿಸುತ್ತಿದ್ದರು. ಆಕಾಶ ಎಂದೂ ತಪ್ಪಿಲ್ಲ. ಅದರಿಂದ ಗೌಡರ ಮನೆಯವರೆಲ್ಲ ಬಲು ಗುರಿಗಾರರು ಎಂದು ಹೆಸರಾಗಿತ್ತು.

ಐವತ್ತಾರು ವರ್ಷದ ಹಿಂದೆ, ಅಂದರೆ ಮಾನಪ್ಪನಿಗೆ ಮದುವೆಯಾದ ವರ್ಷ, ಆಗಿನ ದೊಡ್ಡಗೌಡ ಸಿದ್ಧರಾಮಗೌಡರು ಅದರ ಕುದುರೆ, ಅಂದರೆ ಬೆರಳಿನಿಂದ ಎಳೆಯುವ ಕೀಲು, ಸಡಿಲಾಗಿದೆ ಅಂತ ಕಾಳಪ್ಪನ ಹತ್ತಿರ ಒಂದು ಸ್ಪ್ರಿಂಗು ಹಾಕಿಸಿದರು. ಎಂಟು ದಿನ ಬಿಟ್ಟು ತಾಲೂಕಿನ ಮಾಮಲೇದಾರ ಸಾಹೇಬರು ಊರಿಗೆ ಬಂದರು. ಅವರೆದುರು ಗೌಡರು ಗುಡಿಯ ಮುಂದಿನ ಗೋಡೆಯ ಮೇಲೆ ಒಂದು ತೆಂಗಿನಕಾಯಿ ಇಡಿಸಿ, ಇಪ್ಪತ್ತು ಹೆಜ್ಜೆ ಹಿಂದೆ ನಿಂತು, ಮೀಸೆ ತಿರುವಿ ಹೊಡೆದರು. ಕಾಯಿ ಇದ್ದಲ್ಲೇ ಇತ್ತು. ಬಲಗಡೆ ಎರಡು ಮಾರು ಆಚೆ ಕುಡಿಯುವ ನೀರಿನ ಹರವಿ ಒಡೆದು ಸಾಹೇಬರ ಪ್ಯಾಂಟು ತೊಯ್ದು ಹೋಯಿತು. ಸಾಹೇಬರು ನಕ್ಕುಬಿಟ್ಟರು. ಗೌಡನಾದವನು ತಪ್ಪಿದೆ ಅನ್ನಲಿಕ್ಕೆ ಬರುತ್ತದೆಯೇ? ಗೌಡರು ಗುಡಿಯ ಕಟ್ಟೆಯ ಮೇಲೆ ನಿಂತು ಊರೆಲ್ಲ ಕೇಳುವಂತೆ, ಇದು ಕಾಳಪ್ಪನ ಗುರಿ, ಅವನೇ ಕೆಡಿಸಿ ಕೊಟ್ಟಾನ ಅಂದರು. ಊರು ನಕ್ಕಿತು. ಆ ನಗು ಐವತ್ತಾರು ವರ್ಷ ನಿಲ್ಲಲಿಲ್ಲ.

ಕಾಳಪ್ಪ ಪಿಸ್ತೂಲನ್ನು ಇಸಕೊಂಡು ನೋಡಿದ. ನಳಿಗೆಯ ತುದಿಗೆ ಗುರಿ ಹಿಡಿಯಲು ಇರುವ ಸಣ್ಣ ಮುಳ್ಳು ಒಂದು ಜೋಳದ ಕಾಳಿನಷ್ಟು ಎಡಕ್ಕೆ ಕೂತಿತ್ತು. ಮುಳ್ಳು ಎಡಕ್ಕಿದ್ದರೆ ಗುಂಡು ಬಲಕ್ಕೆ ಹೋಗುತ್ತದೆ. ಯಾರೂ ಬಗ್ಗಿಸಿದ್ದಲ್ಲ, ಮುಳ್ಳು ಕೂರುವ ತೋಡನ್ನೇ ಕಾರ್ಖಾನೆಯವರು ಎಡಕ್ಕೆ ಕೊರೆದಿದ್ದರು. ಅವನು ಒಮ್ಮೆ ಮಾತ್ರ ಹೇಳಿದ: ಎತ್ತಿಗೆ ಸುಳಿ ಹುಟ್ಟಾ ಬರ್ತೈತ್ರಿ, ಇದಕ್ಕೂ ಹಂಗ ಬಂದೈತಿ. ವಿಲಾಯಿತಿಯವರು ತಪ್ಪುತ್ತಾರೆ, ನಮ್ಮೂರ ಕಂಬಾರ ತಪ್ಪುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಅಂದಿನಿಂದ ಅವನು ಸಾಯುವತನಕ ದಾರ ಹಿಡಿದ.

ಪಿಸ್ತೂಲು ಸೊಟ್ಟಗೇ ಉಳಿಯಿತು. ಈಗಿನ ಗೌಡ, ಸಿದ್ಧರಾಮಗೌಡರ ಮಗ ರಾಚಪ್ಪಗೌಡ, ದಸರೆಯ ಖಂಡೇ ಪೂಜೆಗೆ ಅದನ್ನು ಹೊರಗೆ ತೆಗೆಯುತ್ತಾನೆ. ಮನೆಯ ಹೆಣ್ಣುಮಕ್ಕಳು ಹುಣಸೆಹಣ್ಣು, ಬೂದಿ ಹಚ್ಚಿ ತಂಬಿಗೆ ತಿಕ್ಕಿದಂತೆ ತಿಕ್ಕುತ್ತಾರೆ. ಕುಂಕುಮ ಹಚ್ಚಿ, ಹೂ ಇಟ್ಟು, ಕಾಯಿ ಒಡೆಯುತ್ತಾರೆ. ಹೋದ ವರ್ಷ ಗೌಡ ಅದರ ಫೋಟೋ ತೆಗೆದು ಮೊಬೈಲಿನಲ್ಲಿ ಹತ್ತು ಮಂದಿಗೆ ಕಳಿಸಿದ. ಅದು ಕೈಯಿಂದ ಕೈಗೆ ಹೋಗಿ ಬೆಳಗಾವಿಯ ಚೇತನಕುಮಾರ ಎಂಬುವವನನ್ನು ಮುಟ್ಟಿತು. ಹಳೇ ಪಿಸ್ತೂಲು ಕೊಂಡು ಕೂಡಿಡುವುದು ಈ ಮನುಷ್ಯನ ಹುಚ್ಚು. ಅದಕ್ಕೆ ಬೇಕಾದ ಸರಕಾರದ ಕಾಗದಗಳೆಲ್ಲ ಅವನ ಹತ್ತಿರ ಇದ್ದವು.

ಅವನು ಬಂದದ್ದು, ನೋಡಿದ್ದು, ಹೋದದ್ದು ಎಲ್ಲ ಮಾನಪ್ಪನಿಗೆ ತಿಳಿದದ್ದು ಗೌಡರ ಮನೆಯಲ್ಲಿ ರೊಟ್ಟಿ ಬಡಿಯುವ ರೇವವ್ವನಿಂದ. ಆ ಮನುಷ್ಯ ಬಿಳಿ ಕೈಗವಸು ಹಾಕಿಕೊಂಡು, ಭೂತಗನ್ನಡಿ ಹಿಡಿದು, ಬಾಣಂತಿ ಕೂಸನ್ನು ನೋಡಿದಂತೆ ಪಿಸ್ತೂಲು ನೋಡಿದನಂತೆ. ಮುಳ್ಳಿನ ಹತ್ತಿರ ಬಂದಾಗ ಇನ್ನೂ ಬಗ್ಗಿದನಂತೆ. ಇದು ಹೀಗೆ ಯಾಕಿದೆ ಅಂತ ಕೇಳಿದನಂತೆ. ರಾಚಪ್ಪಗೌಡನಿಗೆ ಅಷ್ಟೇ ಸಾಕಿತ್ತು. ಬಂದ ಬೀಗರಿಗೆಲ್ಲ ಹೇಳುವ ಕತೆಯನ್ನು ತೊಡೆ ತಟ್ಟಿ ತಟ್ಟಿ ಹೇಳಿದ. ತೆಂಗಿನಕಾಯಿ, ಹರವಿ, ಸಾಹೇಬರ ಪ್ಯಾಂಟು, ಕೊನೆಗೆ ಕಾಳಪ್ಪ. ಹೇಳಿ ತಾನೇ ನಕ್ಕ. ಚೇತನಕುಮಾರ ನಗಲಿಲ್ಲ. ಕೈಗವಸು ಕಳಚಿ ಪೆಟ್ಟಿಗೆ ಮುಚ್ಚಿದ.

ಆಮೇಲೆ ತಿಳಿಯಿತು ಸಂಗತಿ. ಕಾರ್ಖಾನೆಯಿಂದಲೇ ಐಬು ಆಗಿ ಬಂದ ಪಿಸ್ತೂಲು ನೂರಕ್ಕೊಂದು, ಸಾವಿರಕ್ಕೊಂದು. ಅದಕ್ಕೆ ಒಂದು ಟ್ರ್ಯಾಕ್ಟರು ಬರುವಷ್ಟು ಬೆಲೆ. ಹಳ್ಳಿಯ ಕಂಬಾರ ಕೆಡಿಸಿದ ಪಿಸ್ತೂಲಿಗೆ ಗುಜರಿಯ ಬೆಲೆ. ಯಾವುದು ಎಂದು ತಿಳಿಯಲು ಮುಳ್ಳಿನ ಬುಡದಲ್ಲಿ ಕಾರ್ಖಾನೆಯವರ ಮುದ್ರೆ ಇರಬೇಕಾಗಿತ್ತು. ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ದೇವರಿಗೆ ಮುಟ್ಟಿಸಿಬಿಟ್ಟಿದ್ದರು. ಕಣ್ಣಿಗೆ ಕಂಡದ್ದು ಸಾಲದು, ಕಾಗದ ಬೇಕು ಅಂದನಂತೆ; ಉಳಿದದ್ದು ಒಂದೇ ದಾರಿ. ಆಗ ರಿಪೇರಿ ಮಾಡಿದ ಮನೆತನದವರು, ನಾವು ಆ ಮುಳ್ಳು ಮುಟ್ಟಿಲ್ಲ ಅಂತ ಬರೆದುಕೊಡಬೇಕು. ಇಲ್ಲವಾದರೆ ಅದನ್ನು ನೆಟ್ಟಗೆ ಮಾಡಿಸಿ ಮನೆಯಲ್ಲೇ ಇಟ್ಟುಕೊಳ್ಳಿ, ನಾಳೆ ಸಂಜೆಯವರೆಗೆ ಇಂಡಿಯಲ್ಲೇ ಇರುತ್ತೇನೆ ಎಂದು ಆತ ಎದ್ದು ಹೋದ.

"ಐಬ ಇದ್ದದ್ದಕ್ಕ ಬೆಲಿ ಬರತೈತಿ ಅಂದ್ರ, ನನ್ನ ಗಂಡನ್ನೂ ಒಮ್ಮೆ ತೋರಸಬೇಕಿತ್ತು ಅವಗ," ಅಂದಳು ರೇವವ್ವ.

ಮರುದಿನ ಬೆಳಿಗ್ಗೆ ರಾಚಪ್ಪಗೌಡ ಮಾನಪ್ಪನ ಅಂಗಡಿಗೆ ಬಂದ. ಅರವತ್ತು ವರ್ಷದಲ್ಲಿ ಅವನು ಅಲ್ಲಿ ಕೂತದ್ದು ಅದೇ ಮೊದಲು. ಹುಡುಗನಿದ್ದಾಗಿನಿಂದ ಏ ಮಾನ್ಯಾ ಎಂದು ಕರೆಯುತ್ತಿದ್ದವನು ಅಂದು, ಮಾನಪ್ಪಣ್ಣ, ಆರಾಮ ಇದ್ದೀ? ಅಂದ. ಟ್ರ್ಯಾಕ್ಟರಿನ ಜೋರಿಗೆ ಮಾನಪ್ಪನ ಹೆಸರು ಬೆಳೆದಿತ್ತು. ಇಂಡಿಯಲ್ಲಿ ಟೈಪು ಮಾಡಿಸಿದ ಕಾಗದ ಅವನ ಕಿಸೆಯಲ್ಲಿತ್ತು. ಪಿಸ್ತೂಲನ್ನೂ, ಹೆಬ್ಬೆಟ್ಟು ಒತ್ತಲು ಮಸಿಯ ಡಬ್ಬಿಯನ್ನೂ ತಂದಿದ್ದ.

ಮಾನಪ್ಪ ಮೂರನೇ ಇಯತ್ತೆ ಓದಿದವನು. ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಗೌಡ ಎರಡು ಸಲ ಆಕಳಿಸುವವರೆಗೆ ಓದಿದ. ನನ್ನ ತಂದೆ ಕಾಳಪ್ಪ ಇವರು ಸದರಿ ಪಿಸ್ತೂಲಿನ ಗುರಿಮುಳ್ಳನ್ನು ಮುಟ್ಟಿರುವುದಿಲ್ಲ, ಸದರಿ ದೋಷವು ಮೂಲದಿಂದಲೇ ಬಂದದ್ದಿರುತ್ತದೆ ಅಂತ ಇತ್ತು.

"ಇದು ನಿಮಗ ಯಾವಾಗ ತಿಳೀತ್ರಿ, ಗೌಡ್ರ?"

"ನಿನ್ನೆ."

"ನಮಗ ಐವತ್ತಾರು ವರ್ಷದ ಹಿಂದ ತಿಳಿದಿತ್ರಿ."

ಪಿಸ್ತೂಲು ಕೊಡಿ, ಒಮ್ಮೆ ನೋಡುತ್ತೇನೆ ಎಂದ ಮಾನಪ್ಪ. ಅವನು ಅದನ್ನು ಎಂದೂ ಕೈಯಲ್ಲಿ ಹಿಡಿದಿರಲಿಲ್ಲ. ಬಿಸಿಲಿಗೆ ತಿರುಗಿಸಿ ನೋಡಿದ. ಮುಳ್ಳಿನ ತೋಡಿನ ಗೋಡೆಯ ಮೇಲೆ ಯಂತ್ರ ಕೊರೆದ ಗೆರೆಗಳು ಒಂದರ ಪಕ್ಕ ಒಂದು, ಹರಗಿದ ಹೊಲದಂತೆ ಹಾಗೆಯೇ ಇದ್ದವು. ಕಬ್ಬಿಣ ತಿಕ್ಕುವ ಅರದ ಒಂದು ಗೀರೂ ಇರಲಿಲ್ಲ. ಅಪ್ಪ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ. ಮಾನಪ್ಪ ಅದನ್ನು ಎಂದೂ ಸುಳ್ಳೆಂದುಕೊಂಡಿರಲಿಲ್ಲ. ಆದರೂ ಕಣ್ಣಿಂದ ಕಂಡದ್ದು ಬೇರೆ.

ಕಾಗದಕ್ಕೆ ಸಹಿ ಹಾಕುತ್ತೇನೆ, ಅದರಲ್ಲಿರುವುದು ಖರೆ ಮಾತು, ಅದಕ್ಕೆ ನಾನು ಒಂದು ಪೈಸೆ ಕೇಳುವುದಿಲ್ಲ ಎಂದ. ಗೌಡನ ಮುಖ ಅರಳಿತು. ಮಾನಪ್ಪ ಮುಂದುವರಿದು ಹೇಳಿದ:

"ಆದ್ರ ಅಂದ ಜಾಗಾದಾಗ ಅನಬೇಕ್ರಿ. ನಿಮ್ಮಪ್ಪ ಕಟ್ಟಿ ಮ್ಯಾಲ ನಿಂತು ಅಂದಿದ್ರು. ನೀವು ಕಟ್ಟಿ ಮ್ಯಾಲ ನಿಂತು, ಕಾಳಪ್ಪ ಕೆಡಿಸಿಲ್ಲ ಅನ್ರಿ."

ಅರಳಿದ್ದು ಮುದುಡಿತು. ಗೌಡ ಬಗೆಬಗೆಯಾಗಿ ಹೇಳಿ ನೋಡಿದ. ಸತ್ತವರ ಮಾತು ಈಗ ಯಾಕೆ ಅಂದ. ಜನ ಅದನ್ನು ಗಾದೆಯಂತೆ ಅನ್ನುತ್ತಾರೆ, ನಿನ್ನ ಅಪ್ಪನ ಹೆಸರು ಉಳಿದಿದೆಯಲ್ಲ, ನಮ್ಮಪ್ಪನ ಹೆಸರು ಯಾರು ತೆಗೆಯುತ್ತಾರೆ ಎಂದೂ ಅಂದ. ಮಾನಪ್ಪ ಒಂದು ಪಂಪಿನ ವಾಶರು ತೊಳೆಯುತ್ತ ಕೇಳಿದ. ಗೌಡನ ತೊಡಕು ಅವನಿಗೆ ಗೊತ್ತಿತ್ತು. ಕಾಳಪ್ಪ ಕೆಡಿಸಿಲ್ಲ ಎಂದ ತಕ್ಷಣ, ಹಾಗಾದರೆ ಸೊಟ್ಟ ಪಿಸ್ತೂಲನ್ನು ಅಷ್ಟು ವರ್ಷ ಮನೆಯಲ್ಲಿಟ್ಟುಕೊಂಡು ಸೊಟ್ಟ ಎಂದು ತಿಳಿಯದ ಗುರಿಗಾರ ಯಾರು ಅಂತ ಊರು ಕೇಳುತ್ತದೆ.

ಕೊನೆಗೆ ಗೌಡನಿಗೆ ಸಿಟ್ಟು ಬಂತು. "ನನಗ ಬೆಲಿನೂ ಬ್ಯಾಡ, ನಿನ್ನ ಸಹಿನೂ ಬ್ಯಾಡ. ನೆಟ್ಟಗ ಮಾಡಿಬಿಡು ಇದನ್ನ. ಈಗ, ನನ್ನೆದುರಿಗೆ."

ಮಾನಪ್ಪ ಪಿಸ್ತೂಲನ್ನು ಬಿಗಿಹಿಡಿಯುವ ವೈಸಿನಲ್ಲಿ ಸಿಕ್ಕಿಸಿದ. ಅರ ತೆಗೆದುಕೊಂಡ. ಒಂದು ತಾಸಿನ ಕೆಲಸ. ತೋಡನ್ನು ಒಂದು ಜೋಳದ ಕಾಳಿನಷ್ಟು ಬಲಕ್ಕೆ ಸರಿಸಿ, ಮುಳ್ಳು ಕೂರಿಸಿ, ದಾರ ಹಿಡಿದರೆ ಮುಗಿಯಿತು. ಈ ಕೆಲಸವನ್ನು ಅವನು ಮನಸ್ಸಿನಲ್ಲಿ ಸಾವಿರ ಸಲ ಮಾಡಿದ್ದ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದ ಪಂಕ್ತಿಯಲ್ಲಿ ಯಾರೋ ಕಾಳಪ್ಪನ ಗುರಿ ಎಂದರೆ, ರೇಶನ್ ಅಂಗಡಿಯ ಸಾಲಿನಲ್ಲಿ ಯಾರೋ ನಕ್ಕರೆ, ಅಲ್ಲಿ ನಿಂತೇ ಈ ಮುಳ್ಳನ್ನು ನೆಟ್ಟಗೆ ಮಾಡುತ್ತಿದ್ದ. ಈಗ ಅದು ಕೈಗೆ ಸಿಕ್ಕಿತ್ತು. ಸೊಟ್ಟ ಕಂಡರೆ ಕೈ ಸುಮ್ಮನಿರದ ಜಾತಿ ಅವನದು. ಆದರೆ ಅರ ಒಮ್ಮೆ ಆ ಗೆರೆಗಳ ಮೇಲೆ ಹಾಯ್ದರೆ, ಅಪ್ಪ ಕೆಡಿಸಿಲ್ಲ ಎನ್ನುವುದಕ್ಕೆ ಇದ್ದ ಒಂದೇ ಸಾಕ್ಷಿ ಪುಡಿಯಾಗಿ ನೆಲಕ್ಕೆ ಬೀಳುತ್ತದೆ. ಮುಂದೆ ಯಾರು ನೋಡಿದರೂ ಕಾಣುವುದು ಕಂಬಾರರ ಕೈಯೇ. ನೆಟ್ಟಗೆ ಮಾಡಿದರೆ ಅಪ್ಪ ಸೊಟ್ಟ. ಸೊಟ್ಟ ಬಿಟ್ಟರೆ ಅಪ್ಪ ನೆಟ್ಟಗೆ. ಇಂಥ ಕೆಲಸ ಅವನಿಗೆ ಯಾರೂ ಕಲಿಸಿರಲಿಲ್ಲ.

ಅರವನ್ನು ಕಬ್ಬಿಣಕ್ಕೆ ತಾಗಿಸಿ ಹಿಡಿದು ಅವನು ತಲೆ ಎತ್ತಿದ.

"ಗೌಡ್ರ, ಒಮ್ಮೆ ಎಳದ್ನೆಂದ್ರ ಮತ್ತ ಬರೂದಿಲ್ರಿ. ನಿಮ್ಮ ಟ್ರ್ಯಾಕ್ಟರೂ ಬರೂದಿಲ್ಲ, ನಮ್ಮಪ್ಪನೂ ಬರೂದಿಲ್ಲ. ಎಳೀಲ್ಯಾ?"

ಗೌಡ ಅರ ನೋಡಿದ, ಮುಳ್ಳು ನೋಡಿದ, ಹೊರಗೆ ತನ್ನ ಇಪ್ಪತ್ತು ವರ್ಷದ ಹಳೇ ಟ್ರ್ಯಾಕ್ಟರು ಹೊಗೆ ಉಗುಳುತ್ತ ಹೋಗುವುದನ್ನು ನೋಡಿದ.

"ತಡಿ," ಅಂದ.

ಸಂಜೆ ನಾಲ್ಕಕ್ಕೆ ಗುಡಿಯ ಕಟ್ಟೆಯ ಮುಂದೆ ಮೂವತ್ತು ನಲವತ್ತು ಜನ ಸೇರಿದರು. ಗೌಡರು ಪಿಸ್ತೂಲು ಮಾರುತ್ತಾರಂತೆ ಎಂದು ಸುದ್ದಿಯಾಗಿತ್ತು. ಚೇತನಕುಮಾರನೂ ಬಂದು ಮೊಬೈಲು ಹಿಡಿದು ನಿಂತ. ರಾಚಪ್ಪಗೌಡ ಕಟ್ಟೆ ಹತ್ತಿ, ಕೆಮ್ಮಿ, ಹಿಂದಕ್ಕೆ ಕಂಪನಿಯವರ ಕಡೆಯಿಂದ ಏನೋ ಸ್ವಲ್ಪ ಹೆಚ್ಚುಕಡಿಮೆ ಆಗಿದ್ದೀತು ಅನ್ನುವ ಅರ್ಥದ ಮಾತನ್ನು ಮೀಸೆಯೊಳಗೇ ಹೇಳಿ ಇಳಿಯಲು ಹೋದ. ಮಾನಪ್ಪ ಕಾಗದವನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಗೌಡ ಇಳಿಯಲಿಲ್ಲ. ಕಾಳಪ್ಪನ ತಪ್ಪು ಅಷ್ಟಾಗಿ ಇರಲಿಕ್ಕಿಲ್ಲ ಎಂದ.

ಆಗ ರೇವವ್ವ ಕಿವಿಗೆ ಕೈ ಹಚ್ಚಿದಳು. "ನನಗ ಕಿವಿ ಮಂದ ಆಗ್ಯಾವ್ರಿ ಗೌಡ್ರ. ಬಿಡಿಸಿ ಹೇಳ್ರಿ." ಗೌಡರ ಅಡುಗೆಮನೆಯಲ್ಲಿ ಪಿಸುಮಾತು ಕೂಡ ಬಿಡದ ಕಿವಿ ಅದು, ಗೌಡನಿಗೂ ಗೊತ್ತಿತ್ತು. ನಿನ್ನ ಕಿವಿ ಚುರುಕೈತಿ ಅಂತ ಮಂದಿಯ ಮುಂದೆ ಹೇಳಲಾಗುತ್ತದೆಯೇ?

"ಕಾಳಪ್ಪ ಕೆಡಿಸಿಲ್ಲ," ಅಂದ ಗೌಡ. ಮೊಬೈಲು ಹತ್ತಿರ ಬಂತು. "ಪಿಸ್ತೂಲ ಹುಟ್ಟಾ ಸೊಟ್ಟ ಇತ್ತು. ಕಾಳಪ್ಪನ ಕೈಯಾಗ ಏನೂ ತಪ್ಪಿಲ್ಲ."

ಹಿಂದಿನಿಂದ ಒಬ್ಬ ಮುದುಕ, ಹಂಗಾರ ಹರವಿ ಒಡದವರು ಯಾರ್ರೀ, ಎಂದು ಬಲು ಮರ್ಯಾದೆಯಿಂದ ಕೇಳಿದ. ನಗು ಎದ್ದಿತು. ಅದರ ನಡುವೆಯೇ ಮಾನಪ್ಪ ಕಟ್ಟೆಯ ಮೂಲೆಯಲ್ಲಿ ಕಾಗದ ಬಿಚ್ಚಿ, ಮಸಿಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಪೆನ್ನು ಇಸಕೊಂಡು ಹೆಸರು ಬರೆದ. ಪಿಸ್ತೂಲು ಇದ್ದ ಹಾಗೆಯೇ, ಸೊಟ್ಟ ಮುಳ್ಳಿನ ಸಹಿತ, ಬೆಳಗಾವಿಗೆ ಹೋಯಿತು.

ಎರಡು ತಿಂಗಳ ಮೇಲೆ ಮಾನಪ್ಪ ನೀರಿನ ಮೋಟಾರಿನ ಕೆಲಸಕ್ಕೆ ಗೌಡರ ಮನೆಗೆ ಹೋಗಿದ್ದ. ಪಡಸಾಲೆಯಲ್ಲಿ ಮುದ್ದೇಬಿಹಾಳದಿಂದ ಬಂದ ಬೀಗರು ಕೂತಿದ್ದರು, ಅಂಗಳದಲ್ಲಿ ಹೊಸ ಟ್ರ್ಯಾಕ್ಟರು ನಿಂತಿತ್ತು. ರಾಚಪ್ಪಗೌಡ ತೊಡೆ ತಟ್ಟಿ ಕತೆ ಹೇಳುತ್ತಿದ್ದ. ತನ್ನ ಅಪ್ಪನಿಗೆ ಆ ಪಿಸ್ತೂಲಿನ ಐಬು ಮೊದಲೇ ತಿಳಿದಿತ್ತಂತೆ. ಇದು ನೂರಕ್ಕೊಂದು, ಎಂದಾದರೂ ಬೆಲೆ ಬರುತ್ತದೆ ಎಂದು ಅಂಥ ಕಾಲದಲ್ಲೇ ಹೇಳಿದ್ದರಂತೆ. ಮಾಮಲೇದಾರ ಸಾಹೇಬರಿಗೆ ಆ ಐಬು ತೋರಿಸಲಿಕ್ಕೆಂದೇ ಬೇಕಂತಲೇ ಹರವಿಗೆ ಹೊಡೆದರಂತೆ. ಬೀಗರು ಗೋಣು ಹಾಕಿ ಹಾಕಿ ಕೇಳಿದರು.

ಮಾನಪ್ಪ ನಟ್ಟು ತಿರುಗಿಸುವ ಪಾನಾ ಕೈಯಲ್ಲಿ ಹಿಡಿದು ಕತೆ ಮುಗಿಯುವವರೆಗೆ ಕೇಳುತ್ತ ನಿಂತ. ಅದರಲ್ಲಿ ಎಲ್ಲಿಯೂ ಕಾಳಪ್ಪ ಬರಲಿಲ್ಲ. ಒಂದು ಸಲವೂ ಬರಲಿಲ್ಲ. ಉಳಿದದ್ದೆಲ್ಲ ಸುಳ್ಳಾದರೂ ಅಷ್ಟು ಮಟ್ಟಿಗೆ ಖರೆ ಆಯಿತಲ್ಲ ಎಂದುಕೊಂಡು, ಮೋಟಾರಿನ ನಟ್ಟು ಬಿಚ್ಚಲು ಕೂತ.