ಎಣ್ಣೆ ಬಲ್ಲ ಭಾವ

ನನ್ನ ಅಕ್ಕನ ಗಂಡ ಮಾತಿಗೆ ಮೊದಲು ಬೆರಳುಜ್ಜುವ ಮನುಷ್ಯ. ಯಾರ ಕಾರೇ ಇರಲಿ, ಬಾನೆಟ್ ಎತ್ತಿ, ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು ಹೊರಗೆಳೆದು, ಅದರ ತುದಿಯ ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಇಟ್ಟುಕೊಂಡು, ಕಣ್ಣು ಅರೆಮುಚ್ಚಿ ಉಜ್ಜುತ್ತಾರೆ. ಎದುರಿಗಿರುವವರು ಕಾರಿನ ಕಾಯಿಲೆಯನ್ನು ಆದ್ಯಂತ ವಿವರಿಸುತ್ತಿದ್ದರೂ ಇವರ ಧ್ಯಾನವೆಲ್ಲ ಆ ಕಪ್ಪು ಹನಿಯ ಮೇಲೆ. ಕೊನೆಗೆ, 'ಇನ್ನೊಂದು ತಿಂಗಳು ಓಡುತ್ತೆ' ಎಂದೋ, 'ಇದಕ್ಕೆ ನೀರು ಸೇರಿದೆ, ಎಂಜಿನ್ನಿನ ಹೆಡ್ ಬಿಚ್ಚಬೇಕು' ಎಂದೋ ಒಂದೇ ಒಂದು ವಾಕ್ಯ. ಆ ವಾಕ್ಯ ಸುಳ್ಳಾಗುವುದನ್ನು ಕಣ್ಣಾರೆ ಕಾಣಬೇಕೆಂದು ನಾನು ಹನ್ನೊಂದು ವರ್ಷ ಕಾದಿದ್ದೇನೆ.

ಇದಕ್ಕೆ ಹೊಟ್ಟೆಕಿಚ್ಚು ಎಂದು ಹೆಸರಿಡಲು ಬಹುಕಾಲ ನಾಚಿದೆ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ದ್ರವಗಳ ಸ್ನಿಗ್ಧತೆಯ ಕುರಿತೇ ವರ್ಷಕ್ಕೆ ಎಂಟು ತರಗತಿ ತೆಗೆದುಕೊಳ್ಳುತ್ತೇನೆ. ಕಾರಿನ ಹುಚ್ಚು ಚಿಕ್ಕಂದಿನದು. ಎಂಜಿನ್ ಎಣ್ಣೆಯ ಬಗ್ಗೆ ನಾನು ಓದದೆ ಬಿಟ್ಟ ಪತ್ರಿಕೆಯಿಲ್ಲ. ಭಾವನೋ, ಹದಿನಾಲ್ಕಕ್ಕೇ ಶಾಲೆ ಬಿಟ್ಟು ಗ್ಯಾರೇಜು ಸೇರಿದವರು. ಆದರೂ ಕಾರಿನ ವಿಷಯದಲ್ಲಿ ನಾನು ಬಾಯಿ ತೆರೆದರೆ ಸಾಕು, ಅಪ್ಪ ಪೂರ್ತಿ ಕೇಳಿಸಿಕೊಂಡು, "ಸರಿ, ಯಾವುದಕ್ಕೂ ಅಳಿಯಂದ್ರನ್ನ ಒಂದ್ಮಾತು ಕೇಳು" ಎನ್ನುತ್ತಿದ್ದರು.

ಭಾವನ ನಸುನೀಲಿ ಕೋಟು ಒಗೆದೂ ಒಗೆದೂ ಬಣ್ಣಗೆಟ್ಟಿದೆ, ಕಲೆ ಮಾತ್ರ ಒಂದೂ ಇಲ್ಲ. ಹಗಲೆಲ್ಲ ಎಂಜಿನ್ನುಗಳ ಹೊಟ್ಟೆಯೊಳಗೆ ಕೈಯಾಡಿಸಿದವರು ಸಂಜೆ ಇಷ್ಟು ಶುಭ್ರವಾಗಿ ಮನೆಗೆ ಬರುವುದು ನನಗೆ ಅನ್ಯಾಯವೆನಿಸುತ್ತಿತ್ತು. ನಾನು ಒಂದು ಪ್ಲಗ್ ಬಿಚ್ಚಿದರೂ ಮೊಣಕೈವರೆಗೆ ಮಸಿ. ಜಾಕ್ ಜಾರಿ ಕಾರು ಮೈಮೇಲೆ ಬಿದ್ದಂದಿನಿಂದ ಭಾವ ಎಡಗಾಲನ್ನು ತುಸು ಎಳೆದು ನಡೆಯುತ್ತಾರೆ. ಎಷ್ಟೇ ಖಚಿತವಾದ ಮಾತಿಗೂ 'ಅಲ್ವೇನೋ ಅಂತೀನಿ' ಎಂಬ ಬಾಲ ಹಚ್ಚುತ್ತಾರೆ. ಆ ಸಂಕೋಚವೇ ನನ್ನನ್ನು ಹೆಚ್ಚು ಉರಿಸುತ್ತಿತ್ತು. ಜಂಬದವರಾಗಿದ್ದರೆ ದ್ವೇಷಿಸುವುದಾದರೂ ಸುಲಭವಿತ್ತು.

ಅಪ್ಪನ ಕಾರು ನನಗಿಂತ ಮೂರೇ ವರ್ಷ ಚಿಕ್ಕದು. ಭಾವ ಅದಕ್ಕೆ ಇಪ್ಪತ್ತು-ಐವತ್ತು ಎಂದು ಡಬ್ಬದ ಮೇಲೆ ಬರೆದಿರುವ ದಪ್ಪ ಎಣ್ಣೆಯನ್ನೇ ಹಾಕುತ್ತಿದ್ದರು. ಒಮ್ಮೆ ನಾನು ಸುಮ್ಮನಿರಲಾರದೆ ಹೇಳಿದೆ:

"ಭಾವ, ಈ ಸಲ ಸೊನ್ನೆ-ಇಪ್ಪತ್ತು ಹಾಕೋಣ. ಪೂರ್ತಿ ಸಿಂಥೆಟಿಕ್. ತೆಳು ಎಣ್ಣೆ ಬೇಗ ಮೇಲೇರುತ್ತೆ, ಸವೆತ ಕಡಿಮೆ."

"ಸಿಂಥೆಟಿಕ್ ಕೆಟ್ಟದ್ದು ಅಂತಲ್ಲ ಮೇಷ್ಟ್ರೇ. ಎರಡನೇ ಅಂಕಿ ನೋಡಿ. ಬಿಸಿಯಾದ ಮೇಲೆ ಎಷ್ಟು ಗಟ್ಟಿ ನಿಲ್ಲುತ್ತೆ ಅನ್ನೋದು ಅದು. ಹೊಸ ಎಂಜಿನ್‌ನಲ್ಲಿ ಬೇರಿಂಗಿನ ಸಂದು ಕೂದಲೆಳೆಯಷ್ಟು. ಇದರಲ್ಲಿ ಸವೆದು ಅಗಲ ಆಗಿದೆ. ತೆಳು ಎಣ್ಣೆ ಅಲ್ಲಿ ನಿಲ್ಲಲ್ಲ, ಅಲ್ವೇನೋ ಅಂತೀನಿ."

ಹಿಂದಿನ ವಾರವಷ್ಟೇ ಇದನ್ನೇ ನಾನು ಕರಿಹಲಗೆಯ ಮೇಲೆ ಸಮೀಕರಣವಾಗಿ ಬರೆದಿದ್ದೆ. ಗೊತ್ತಿದ್ದೂ ಒಪ್ಪಲು ಮನಸ್ಸು ಬರಲಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ, ಯಾರಿಗೂ ಹೇಳದೆ, ಹಳೆಯ ಎಣ್ಣೆ ಇಳಿಸಿ ನನ್ನ ಎಣ್ಣೆ ತುಂಬಿದೆ; ಅಪ್ಪನನ್ನು ಕೂರಿಸಿಕೊಂಡು ಬೆಟ್ಟದಾಚೆಯ ಅವರ ಸ್ನೇಹಿತರ ಮನೆಗೆ ಹೊರಟೆ.

ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಅಪ್ಪ, "ಕೆಂಪು ದೀಪ ಮಿಣುಕ್ತಿದೆಯಲ್ಲೋ" ಎಂದರು.

"ಸೆನ್ಸರ್ ಹಳೇದಪ್ಪ, ಏನಾಗಲ್ಲ."

ಎಣ್ಣೆಯ ಒತ್ತಡ ಬಿದ್ದುಹೋಗಿದೆ ಎಂಬುದೇ ಆ ದೀಪದ ಅರ್ಥ. ಅದನ್ನು ಬಲ್ಲ ನಾನು ಇನ್ನೂ ಎರಡು ತಿರುವು ಓಡಿಸಿದೆ. ಮೂರನೆಯದರಲ್ಲಿ ಎಂಜಿನ್ನಿನೊಳಗಿಂದ ಯಾರೋ ಸುತ್ತಿಗೆಯಿಂದ ಬಡಿದಂಥ ಸದ್ದು ಬಂತು. ಅಪ್ಪ ಕೆಳಗಿಳಿದು, ರಸ್ತೆಯಂಚಿನ ಕಲ್ಲಿನ ಮೇಲೆ ಕುಳಿತರು.

ಫೋನ್ ಮಾಡಿದ ಒಂದು ಗಂಟೆಯಲ್ಲಿ ಭಾವ ಬಂದರು. ಕಾರಿನಡಿ ಮಲಗಿ, ಇಳಿಸಿದ ಎಣ್ಣೆಯನ್ನು ಬಿಳಿಯ ಬಟ್ಟೆಯೊಂದರ ಮೇಲೆ ಸುರಿದು ಬಿಸಿಲಿಗೆ ಹಿಡಿದರು. ಬೇರಿಂಗ್ ತೇದು ಉದುರಿದ ಲೋಹದ ಪುಡಿ ಮಿನುಗಿತು. ಅಪ್ಪ ಎದ್ದು ಬಂದು ಏನಾಗಿದೆಯೆಂದು ಕೇಳಿದಾಗ ಭಾವ ಬಟ್ಟೆಯನ್ನು ಮಡಿಚಿ ಜೇಬಿಗಿಟ್ಟುಕೊಂಡರು.

"ಬೇರಿಂಗ್ ಸವೆದಿತ್ತು ಮಾವ. ಹೋದ ಸಲ ಬಿಚ್ಚಿದಾಗಲೇ ನಾನು ಬದಲಾಯಿಸಬೇಕಿತ್ತು. ನನ್ನದೇ ತಪ್ಪು."

ಹನ್ನೆರಡು ದಿನ ಅವರು ಆ ಎಂಜಿನ್ನಿನ ಮುಂದೆ ಕುಳಿತರು. ಮೂರನೆಯ ದಿನ ನಾನು ಗ್ಯಾರೇಜಿಗೆ ಹೋಗಿ, "ಭಾವ, ಎಣ್ಣೆ ಬದಲಾಯಿಸಿದ್ದು ನಾನು" ಎಂದೆ.

"ಗೊತ್ತು. ಖಾಲಿ ಡಬ್ಬ ಡಿಕ್ಕೀಲೇ ಇತ್ತಲ್ಲ," ಎಂದರು, ತಲೆ ಎತ್ತದೆ. "ನಾನು ಹಾಳು ಮಾಡಿರೋ ಎಂಜಿನ್‌ಗಳು ಒಂದೆರಡಲ್ಲ ಮೇಷ್ಟ್ರೇ. ಆ ಸ್ಪ್ಯಾನರ್ ಕೊಡಿ."

ಉಳಿದ ದಿನಗಳಲ್ಲಿ ಸಂಜೆಸಂಜೆ ಹೋಗಿ ಸ್ಪ್ಯಾನರ್ ಕೊಡುತ್ತ ನಿಂತೆ. ಆ ಉದಾರತೆಗೆ ನನ್ನ ಕಣ್ಣು ತುಂಬಬೇಕಿತ್ತು; ತುಂಬಿದ್ದು ಇನ್ನೊಂದು ಬಗೆಯ ಉರಿ. ಇದರಲ್ಲೂ ನನಗಿಂತ ಮೇಲಾದರಲ್ಲ ಎಂದು. ಕಾರು ಮನೆಗೆ ಬಂದ ದಿನ, ಕನಿಷ್ಠ ಪ್ರಾಮಾಣಿಕತೆಯಲ್ಲಾದರೂ ಗೆಲ್ಲೋಣವೆಂದು ಅಪ್ಪನ ಮುಂದೆ ಎಲ್ಲವನ್ನೂ ಹೇಳಿದೆ. ಅಪ್ಪ ಕನ್ನಡಕ ಒರೆಸುತ್ತ ನಕ್ಕರು.

"ಅವತ್ತೇ ಅಂದುಕೊಂಡೆ ಕಣೋ. ಆದರೆ ಅಳಿಯಂದ್ರು ಸುಳ್ಳನ್ನೂ ಎಷ್ಟು ಅಚ್ಚುಕಟ್ಟಾಗಿ ಹೇಳಿದ್ರು, ನೋಡಿದ್ಯಾ?"

ತಿಳಿವಳಿಕೆ ಬೆರಳಿಗಿಳಿದ ಇಂಥವರು ಎಲ್ಲ ಕಸುಬುಗಳಲ್ಲೂ ಇರುತ್ತಾರೆ. ಅವರು ಯಾರೊಂದಿಗೂ ಪಂದ್ಯಕ್ಕೆ ನಿಂತವರಲ್ಲ. ತಮ್ಮ ಪಕ್ಕದಲ್ಲೊಬ್ಬ ವರ್ಷಾನುಗಟ್ಟಲೆ ಏದುಸಿರು ಬಿಡುತ್ತ ಓಡುತ್ತಿದ್ದಾನೆಂಬ ಅರಿವೂ ಅವರಿಗಿಲ್ಲ. ನಮ್ಮ ಸೋಲನ್ನು ಅವರು ಗೆಲುವೆಂದು ಎತ್ತಿಕೊಳ್ಳುವುದಿಲ್ಲವಾದ್ದರಿಂದ, ಅದು ಕೊನೆಯವರೆಗೂ ನಮ್ಮ ಕೈಯಲ್ಲೇ ಉಳಿಯುತ್ತದೆ.