ನಬೀಸಾಬ್ ಬರೆದ ಕಣ್ಣು

ಇವು ಯಾರ ಕಣ್ಣು, ಇಷ್ಟು ದೊಡ್ಡವು, ಮೇಲೆ ಕಾಡಿಗೆ ಬೇರೆ, ಅವ್ವ ಜನ್ಮದಲ್ಲಿ ಕಾಡಿಗೆ ಹಚ್ಚಿದವಳಲ್ಲ, ಮೂಗು ಅವಳದೇ, ಹಣೆಯ ವಿಭೂತಿ ನಾನೇ ಹಚ್ಚಿದ್ದು, ಮೂರನೇ ಗೆರೆ ಸೊಟ್ಟ, ಅದೂ ಹಾಗೇ ಬಂದಿದೆ, ಆದರೆ ಈ ಕಣ್ಣು — ನೋಡು ಬೇಟಿ, ಜೀವ ಬಂದಂಗ ಆಗ್ಯಾದ ಇಲ್ಲೋ, ಎನ್ನುತ್ತಾರೆ ನಬೀಸಾಬ್, ಕುಂಚ ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಹುಮನಾಬಾದಿನಲ್ಲಿ ಸತ್ತವರ ಕಣ್ಣು ತೆರೆಸುವುದರಲ್ಲಿ ಇವರನ್ನು ಬಿಟ್ಟರಿಲ್ಲ ಎಂದು ಅಪ್ಪ ಹೇಳಿದ್ದು ಸುಳ್ಳಲ್ಲ, ನಮ್ಮವರಲ್ಲಿ ಸತ್ತವರನ್ನು ಕೂರಿಸಿ, ಹೂ ಹಾಕಿ, ಫೋಟೋ ತೆಗೆಸುತ್ತಾರೆ, ಆಮೇಲೆ ಆ ಫೋಟೋದ ಮೇಲೆ ಕಣ್ಣು ಬರೆಸಿ ಗೋಡೆಗೆ ಹಾಕುತ್ತಾರೆ, ಬಸವಕಲ್ಯಾಣದಲ್ಲಿ ಯಾರ ಮನೆಗೆ ಹೋದರೂ ಪಡಸಾಲೆಯಲ್ಲಿ ಇಂಥ ಒಬ್ಬ ಅಜ್ಜನೋ ಅಜ್ಜಿಯೋ ರೆಪ್ಪೆ ಬಡಿಯದೆ ಬಂದವರನ್ನೆಲ್ಲ ದಿಟ್ಟಿಸುತ್ತಿರುತ್ತಾರೆ, ಚಿಕ್ಕವಳಿದ್ದಾಗ ನನಗೆ ನಗು ಬರುತ್ತಿತ್ತು, ಈಗ ಬರುತ್ತಿಲ್ಲ, ಅವ್ವನದು ಬೇರೆ ಫೋಟೋ ಇಲ್ಲವೇ ಇಲ್ಲ, ಮದುವೆಯದೊಂದಿದೆ, ಅದರಲ್ಲಿ ಬಾಸಿಂಗ, ತಗ್ಗಿಸಿದ ತಲೆ, ಹಿಂದೆ ಲಲಿತಾಬಾಯಿ ಎಂದು ಬರೆದಿರದಿದ್ದರೆ ಯಾರ ಮದುವೆ ಎಂದೂ ತಿಳಿಯುತ್ತಿರಲಿಲ್ಲ, ಹಾಗಾಗಿ ಇದೊಂದೇ, ಇನ್ನು ಮೇಲೆ ನಮ್ಮ ಮನೆಯಲ್ಲಿ ಅವ್ವ ಎಂದರೆ ಈ ಕಾಡಿಗೆ ಕಣ್ಣಿನವಳೇ.

ಕಣ್ಣ ಬರೆಸ್ಕೊಂಡ ಬಾ ದೀಪಾಲಿ, ಮುಚ್ಚಿದ್ದು ನೋಡಿದ್ರ ಸಣ್ಣಾಕಿ ಅಂಜತಾಳ, ಬೆಳಿಗ್ಗೆ ಬಸ್ಸು ಹತ್ತಿಸುವಾಗ ಅಪ್ಪ ಅಂದದ್ದು, ಸಣ್ಣಾಕಿ ಎಂದರೆ ನನ್ನ ತಂಗಿ ಸ್ನೇಹಲ್, ಐದು ವರ್ಷ, ಮಣ್ಣು ಮಾಡಿದ ದಿನ ಅವಳನ್ನು ಪಕ್ಕದ ಓಣಿಯ ಸಂಗಮ್ಮನ ಮನೆಯಲ್ಲಿ ಬಿಟ್ಟಿದ್ದರು, ಅವ್ವ ಮುಡಬಿಗೆ ಹೋಗ್ಯಾಳ, ತವರಿಗೆ, ಬರ್ತಾಳ ಎಂದು ಅಪ್ಪ ಹೇಳಿಬಿಟ್ಟ, ಹದಿನೇಳು ದಿನವಾಯಿತು, ದಿನಾ ಸಂಜೆ ಮುಡಬಿ ಬಸ್ಸಿನ ಹೊತ್ತಿಗೆ ಚಪ್ಪಲಿ ಹಾಕಿಕೊಂಡು ಕಟ್ಟೆಯ ಮೇಲೆ ಕೂರುತ್ತಾಳೆ, ಇಳಿದು ಬರುವ ಹೆಂಗಸರ ಮುಖವನ್ನೆಲ್ಲ ನೋಡುತ್ತಾಳೆ, ಅಕ್ಕಾ ಇವತ್ತೂ ಬರಲಿಲ್ಲ, ನಾಳಿ ಬರ್ತಾಳೇನ, ನಾನು ಹೂಂ ಎನ್ನುತ್ತೇನೆ, ಹೂಂ ಅನ್ನುವ ನನ್ನ ನಾಲಿಗೆಗೆ ಬೆಂಕಿ ಹಾಕಬೇಕು, ನನಗೂ ಹೀಗೇ ಮಾಡಿದ್ದ ಅಪ್ಪ, ಅವತ್ತು ಬಿ.ಎ. ಕೊನೆಯ ವರ್ಷದ ತತ್ವಶಾಸ್ತ್ರದ ಪೇಪರು, ಅವ್ವ ಇದೇ ಹುಮನಾಬಾದಿನ ಆಸ್ಪತ್ರೆಯಲ್ಲಿ, ಬೆಳಿಗ್ಗೆ ಎಂಟಕ್ಕೆ ಎದುರಿನ ಅಂಗಡಿಯ ಫೋನಿನಲ್ಲಿ ಅವನ ದನಿ, ಆರಾಮ ಆಗ್ಯಾಳವಾ, ಗಂಜಿ ಕುಡದಾಳ, ನೀ ಪೇಪರ ಬರಿ, ಕುಣಿಯುತ್ತ ಹೋದೆ, ವಾಸ್ತವ ಎಂದರೇನು, ವಿವರಿಸಿರಿ, ಎಂಟು ಪುಟ ವಿವರಿಸಿದೆ ಜಾಣೆ, ಒಂದರ ಮೇಲೆ ಇನ್ನೊಂದನ್ನು ಹೊದಿಸಿ ಅದೇ ಇದು ಎಂದು ನಂಬುವುದು ಅಧ್ಯಾಸ, ಇರುವುದು ನಾವು ಒಪ್ಪಲಿ ಬಿಡಲಿ ಇದ್ದೇ ಇರುತ್ತದೆ, ಕೆಳಗೆ ಗೆರೆ ಕೂಡ ಎಳೆದೆ, ಮನೆಗೆ ಬಂದರೆ ಪಡಸಾಲೆಯಲ್ಲಿ ಅವ್ವನನ್ನು ಕೂರಿಸಿದ್ದರು, ಸತ್ತದ್ದು ಬೆಳಗಿನ ಆರಕ್ಕಂತೆ, ಮಗಳ ವರ್ಷ ಹಾಳಾಗದಿರಲಿ ಎಂದು ಹೆಣದ ಪಕ್ಕದಿಂದ ಎದ್ದು ಬಂದು, ಗಂಟಲು ಸರಿಮಾಡಿಕೊಂಡು ಫೋನು ಮಾಡಿದವನ ಮೇಲೆ ಸಿಟ್ಟಾಗುವುದು ಕಷ್ಟ, ಆದರೂ ಸಿಟ್ಟಿದೆ, ಆ ಹೊತ್ತು ನನ್ನದಾಗಿತ್ತು, ಅದನ್ನು ನನ್ನಿಂದ ಕಸಿದುಕೊಂಡ.

ಸ್ನೇಹಲ್‌ಗೆ ಹೀಗಾಗಲು ನಾನು ಬಿಡುವುದಿಲ್ಲ, ಇವತ್ತು ಮುಡಬಿ ಬಸ್ಸು ಬರುವ ಮೊದಲೇ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳುತ್ತೇನೆ, ಅಳಲಿ, ಅಂಜಲಿ, ನಾನಿದ್ದೇನೆ, ಈ ಫೋಟೋ ತೋರಿಸಿಯೇ ಹೇಳುತ್ತೇನೆ, ಆದರೆ ಈ ಕಣ್ಣು ಇಟ್ಟುಕೊಂಡು ಹೇಗೆ ಹೇಳಲಿ, ಎಚ್ಚರ ಇದ್ದಾಳಲ್ಲ ಅಕ್ಕಾ ಎಂದುಬಿಡುತ್ತಾಳೆ — ಚಾಚಾ, ಈ ಕಣ್ಣ ತೆಗೀರಿ, ಅಂದೆ, ಯಾಕ ಬೇಟಿ, ದೊಡ್ಡು ಆದ್ವೇನು, ಸಣ್ಣ ಮಾಡ್ತೀನಿ, ಹ್ಯಾಂಗಿದ್ವು ಹೇಳು, ಬಾಯಿ ತೆರೆದೆ, ಹ್ಯಾಂಗಿದ್ವು, ಹೊಗೆಗೆ ಕೆಂಪಾಗುತ್ತಿದ್ದವು, ನಕ್ಕರೆ ನೀರು ಬರುತ್ತಿತ್ತು, ಆದರೆ ಗುಂಡಗೋ ಉದ್ದಕ್ಕೋ, ಇಪ್ಪತ್ತು ವರ್ಷ ನೋಡಿದ ಕಣ್ಣು, ಹೇಳಲು ಬರುತ್ತಿಲ್ಲ, ನಾಚಿಕೆಯಾಗುತ್ತದೆ, ಅಳು ಬರುತ್ತದೆ, ಗೊತ್ತಿಲ್ಲ ಚಾಚಾ, ಗೊತ್ತಿಲ್ಲದ್ದು ಬರೀಬ್ಯಾಡ್ರಿ, ಮುಚ್ಚಿದ್ದು ಖರೇ ಅದ, ಅದೇ ಇರಲಿ, ನಿಮ್ಮಪ್ಪ ಬಸವಣಪ್ಪನವರು ಸಿಟ್ಟಾಗ್ತಾರ ನೋಡು ಬೇಟಿ, ಆಗಲಿ, ನಾ ಹೇಳ್ತೀನಿ ಅವರಿಗಿ, ನಬೀಸಾಬ್ ಫೋಟೋ ತಮ್ಮ ಕಡೆ ಎಳೆದುಕೊಂಡರು, ಬಣ್ಣ ಇನ್ನಾ ಹಸಿ ಅದ, ಹೋಗ್ತದ, ಎಂದು ಹತ್ತಿ ನೀರಲ್ಲಿ ಅದ್ದಿ ಎಡಗಣ್ಣಿನ ಮೇಲಿಟ್ಟರು, ಕಾಡಿಗೆ ಕರಗಿ ಕೆನ್ನೆಗಿಳಿಯಿತು, ಅದನ್ನೂ ಮೆತ್ತಗೆ ಒರೆಸಿದರು, ಅಡಿಯಿಂದ ರೆಪ್ಪೆ ಬಂತು, ಅವ್ವನದೇ, ರೆಪ್ಪೆಯ ಮೇಲೆ ಒಂದು ಚುಕ್ಕೆ, ಒಗ್ಗರಣೆ ಸಿಡಿದು ಸುಟ್ಟದ್ದು, ಅಯ್ಯೋ ಇದು ನನಗೆ ಮರೆತೇ ಹೋಗಿತ್ತು, ಇದೇ ನನ್ನವ್ವ, ಇವಳೇ, ಸತ್ತಿದ್ದಾಳೆ, ಬಲಗಣ್ಣು ಮಾತ್ರ ಇನ್ನೂ ತೆರೆದಿದೆ, ಇದನ್ನೂ ಒರಸಲೇನು ಬೇಟಿ, ಅವಳು ಹೋಗುವಾಗ ಕಣ್ಣು ಮುಚ್ಚಿದವರು ಯಾರೋ, ನರ್ಸೋ, ಅಪ್ಪನೋ, ನಾನಿರಲಿಲ್ಲ, ಹತ್ತಿ ಇಲ್ಲಿ ಕೊಡ್ರಿ ಚಾಚಾ, ತಣ್ಣಗಿದೆ, ಒಂದೇ ಕಣ್ಣು, ನನ್ನನ್ನೇ ನೋಡುತ್ತಿದೆ, ಅವಳದಲ್ಲ, ಗೊತ್ತು, ಆದರೂ ನೋಡುತ್ತಿದೆ, ಮಲಗವ್ವಾ, ಒಂದು ಕಣ್ಣು, ನನ್ನ ಬೆರಳಿನ ಕೆಳಗೆ —