ಎಡಗಡೆಯ ಸಿಲಿಂಡರ್

ಕಿರಣ ನೇರವಾಗಿ ಬಿಲ್ಲೆಯ ಮೇಲೆ ಬೀಳುತ್ತಿತ್ತು, ನ್ಯೂಟ್ರಾನುಗಳು ಮಾತ್ರ ಬರುತ್ತಿರಲಿಲ್ಲ. ಅವನ್ನು ಎಣಿಸುವ ಕೌಂಟರ್ ಹೆಸರಿಗೆ ಆಗೊಮ್ಮೆ ಈಗೊಮ್ಮೆ ಟಿಕ್ ಅನ್ನುತ್ತಿತ್ತು, ಅಷ್ಟೇ. ತಿಂಗಳುಗಟ್ಟಲೆ ಕಾದು ಸಿಕ್ಕ ಕಿರಣಯಂತ್ರದ ಸರದಿ ಮಣ್ಣುಪಾಲಾಯಿತು. ನನಗೆ ಸಿಟ್ಟು ಬರಬೇಕಿತ್ತು, ಬಂದದ್ದು ಸುಸ್ತು. ಯಾರೂ ಇಲ್ಲದಿದ್ದರೆ ಅಲ್ಲೇ ನೆಲದ ಮೇಲೆ ಮಲಗಿಬಿಡುತ್ತಿದ್ದೆ.

ಈ ಬಿಲ್ಲೆಗಳನ್ನು ಮಾಡುವವರು ನಾವಿಬ್ಬರೇ, ನಾನು ಮತ್ತು ನನ್ನ ಅಕ್ಕನ ಗಂಡ. ಉಗುರಗಲದ ತಾಮ್ರದ ಮೇಲೆ ಟೈಟೇನಿಯಂನ ತೆಳು ಪೊರೆ ಕೂರಿಸಿ, ಗಾಳಿ ತೆಗೆದ ಪಾತ್ರೆಯಲ್ಲಿ ಕಾಯಿಸಿ, ಡ್ಯುಟೀರಿಯಂ ಬಿಡುತ್ತೇವೆ. ಭಾರದ ಹೈಡ್ರೋಜನ್ ಅದು. ಪೊರೆ ಅದನ್ನು ಕುಡಿದಂತೆ ಒತ್ತಡದ ಮುಳ್ಳು ಇಳಿಯುತ್ತದೆ. ಅದಕ್ಕೂ ಮೊದಲು ಒಂದು ಕೆಟ್ಟ ಬಿಲ್ಲೆಗೆ ಸಾಮಾನ್ಯ ಹೈಡ್ರೋಜನ್ ಕುಡಿಸಿ ನೋಡುವುದು ರೂಢಿ. ಈ ಹಾಳು ಪೊರೆಗೆ ರುಚಿ ಗೊತ್ತಿಲ್ಲ! ಯಾವುದನ್ನು ಕೊಟ್ಟರೂ ಗಟಗಟ ಕುಡಿಯುತ್ತದೆ, ಮುಳ್ಳೂ ಒಂದೇ ಥರ ಇಳಿಯುತ್ತದೆ. ಬಣ್ಣ ಬಯಲಾಗುವುದು ಕಿರಣ ಬಿದ್ದಾಗಲೇ: ನ್ಯೂಟ್ರಾನು ಹೊಮ್ಮುವುದು ಡ್ಯುಟೀರಿಯಂ ಕುಡಿದ ಬಿಲ್ಲೆಯಿಂದ ಮಾತ್ರ.

ನಮ್ಮ ಕೋಣೆಗೆ ಓಡಿ ಬಂದು ಎರಡೂ ಸಿಲಿಂಡರುಗಳನ್ನು ನೋಡಿದೆ. ಎಡಕ್ಕೆ ಡ್ಯುಟೀರಿಯಂ, ಬಲಕ್ಕೆ ಹೈಡ್ರೋಜನ್ ಇರಬೇಕು. ಗ್ಯಾಸಿನವನು ಹೊಸ ಸಿಲಿಂಡರ್ ತಂದಾಗ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಇಟ್ಟು ಹೋಗಿದ್ದ. ಹೆಸರು ಬರೆದ ಚೀಟಿ ಅಂಗೈಯಗಲ ಇತ್ತು. ಭಾವ ಅದನ್ನು ಓದದೆ, ಯಾವತ್ತಿನಂತೆ ಎಡಗಡೆಯ ವಾಲ್ವನ್ನೇ ತಿರುಗಿಸಿ ಬಿಲ್ಲೆಗೆ ಹೈಡ್ರೋಜನ್ ಕುಡಿಸಿದ್ದರು.

ಕಣ್ಣು ತೋರಿಸಿಕೊಳ್ಳಿ ಎಂದು ಅಕ್ಕ ಗೋಗರೆದರೆ, "ನಿನ್ನ ಮುಖ ಕಾಣುತ್ತಲ್ಲ, ಸಾಕು ಬಿಡೇ" ಎಂದು ಹಾರಿಸಿಬಿಡುವ ಮನುಷ್ಯ. ಕಣ್ಣು ಮಂಜಾದವರನ್ನು ಇಲ್ಲಿ ಇಟ್ಟುಕೊಳ್ಳುವುದಿಲ್ಲ. ಈ ಕೋಣೆ ಬಿಟ್ಟರೆ ಭಾವ ಬದುಕುವುದಿಲ್ಲ, ಅದು ಅಕ್ಕನಿಗೂ ಗೊತ್ತು, ನನಗೂ ಗೊತ್ತು.

ಅಷ್ಟರಲ್ಲಿ ಪ್ರಯೋಗಾಲಯದ ಮುಖ್ಯಸ್ಥೆ ಇಳಿದು ಬಂದರು. ಹಿಂದೆಯೇ ಭಾವ.

"ಯಾರ್ರೀ ಇದನ್ನ ಮಾಡಿದ್ದು?"

"ಕೊಳವೆ ಜೋಡಿಸಿದ್ದು ನಾನೇ ಮೇಡಂ. ಅದಲುಬದಲಾಯ್ತು," ಅಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು!

"ಹಾಗಾದ್ರೆ ನಾಳೆಯಿಂದ ಪಂಪ್ ರಿಪೇರಿಗೆ ಹೋಗಿ. ಇಲ್ಲಿ ಇವರೊಬ್ಬರೇ ಸಾಕು."

ಮೇಡಂ ಮೇಲೆ ಹೋದರು. ಭಾವ ಒಬ್ಬರೇ! ನಾನಿಲ್ಲದೆ ಇವರಿಗೆ ಚೀಟಿ ಓದಿ ಹೇಳುವವರು ಯಾರು?

ಭಾವ ತಲೆಯಾಡಿಸಿದರು. "ಇಷ್ಟು ವರ್ಷ ಕಲಿಸಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲಮ್ಮಾ. ಜೋಡಿಸೋವಾಗ ಕಣ್ಣು ಎಲ್ಲಿತ್ತು ನಿಂಗೆ?"

ನನ್ನ ಪಿತ್ತ ನೆತ್ತಿಗೇರಿತು. ಅವರ ತೋಳು ಹಿಡಿದು ಎಡಗಡೆಯ ಸಿಲಿಂಡರಿನ ಮುಂದೆ ನಿಲ್ಲಿಸಿದೆ.

"ಓದಿ ಭಾವ."

"ಓದೋಕೇನಿದೆ? ಎಡಗಡೆದು ಯಾವತ್ತೂ ಡ್ಯುಟೀರಿಯಮ್ಮೇ."

"ಓದಿ ಅಂದೆ!"

ಅವರು ಬಗ್ಗಿದರು. ಇನ್ನೂ ಬಗ್ಗಿದರು. ಮೂಗು ಚೀಟಿಗೆ ತಾಗುವಷ್ಟು ಹತ್ತಿರ ಹೋಗಿ, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದರು. ನೆಟ್ಟಗಾಗುವುದಕ್ಕೆ ಬಹಳ ಹೊತ್ತು ಹಿಡಿಯಿತು.

"ನಿನ್ನ ತಲೆ ಮೇಲೆ ಯಾಕೆ ಹಾಕ್ಕೊಂಡೆ ಮಾರಾಯ್ತಿ?"

"ಇನ್ನೇನು ಮಾಡ್ಲಿ? ನಿಮ್ಮನ್ನ ಹೊರಗೆ ಹಾಕಿಸ್ಲಾ?" ಅಳು ಉಕ್ಕಿ ಬಂತು. ನಾಚಿಕೆಯೂ ಆಗಲಿಲ್ಲ.

ಭಾವ ಬಿಳಿ ಕೋಟು ಬಿಚ್ಚಿ, ಮಡಿಸಿ, ಮೇಜಿನ ಮೇಲಿಟ್ಟರು.

"ನಡಿ, ಮೇಡಂ ಹತ್ರ ಹೋಗೋಣ."

ಬಾಗಿಲಲ್ಲಿ ನಿಂತು, ನನ್ನ ಕಡೆ ಕೈ ಚಾಚಿದರು.

"ಸ್ವಲ್ಪ ಹಿಡ್ಕೋಮ್ಮಾ. ಆ ಮೆಟ್ಟಿಲು ನಂಗೆ ಕಾಣದೆ ಬಹಳ ದಿನ ಆಯ್ತು."